ಮಳೆಯನ್ನು ನಂಬಿದ ದೀಪ

ಗುಂಡಿಯೊತ್ತಿದೊಡನೆ ದೀಪ ಹತ್ತುವುದು ನಮಗೆ ಸಹಜವಾಗಿಬಿಟ್ಟಿದೆ. ಆ ದೀಪಕ್ಕೂ ಮುಂಗಾರಿನ ಮೋಡಕ್ಕೂ ಇರುವ ನಂಟು ನೆನಪಾಗುವುದು ಮಳೆ ಕೈಕೊಟ್ಟ ವರ್ಷದಲ್ಲಿ ಮಾತ್ರ. ಆದರೆ ನಮ್ಮ ನಾಡಿನ ವಿದ್ಯುಚ್ಛಕ್ತಿಯ ಚರಿತ್ರೆ ಬಹುಮಟ್ಟಿಗೆ ಈ ನಂಟಿನ ಚರಿತ್ರೆಯೇ ಆಗಿದೆ.

ಮೈಸೂರು ಸಂಸ್ಥಾನವು 1902ರಲ್ಲಿ ಶಿವನಸಮುದ್ರದ ಬಳಿ ಕಾವೇರಿಯ ನೀರಿನಿಂದ ವಿದ್ಯುತ್ತನ್ನು ತೆಗೆದು, ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೂಲಕ ಕಳುಹಿಸಿತು. ಈ ಯೋಜನೆಗೆ ಒತ್ತಾಸೆಯಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಹಿಂದಿನ ವರ್ಷವೇ ತೀರಿಕೊಂಡಿದ್ದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಆ ಬೆಳಕು ಬಂದಿತು.

ಅಲ್ಲಿ ಹರಿಯುವ ಹೊಳೆಯೇ ಆಧಾರ. ಮಳೆಗಾಲದಲ್ಲಿ ಉಕ್ಕುವ ಕಾವೇರಿ ಬೇಸಗೆಯಲ್ಲಿ ಬಡವಾಗುತ್ತಿದ್ದಳು; ಗಣಿಯ ಯಂತ್ರಗಳಿಗಾದರೋ ಎಲ್ಲ ಋತುವೂ ಒಂದೇ. ಆದಕಾರಣ ದೀಪ ಹೊತ್ತಿದ ಒಂಬತ್ತೇ ವರ್ಷಕ್ಕೆ, 1911ರಲ್ಲಿ, ವಿಶ್ವೇಶ್ವರಯ್ಯನವರು ಮುಖ್ಯ ಇಂಜಿನಿಯರಾಗಿದ್ದಾಗ, ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಯಿತು. ಅದನ್ನು ನಾವು ಮಂಡ್ಯದ ಗದ್ದೆಗಳ ತಾಯಿಯೆಂದೇ ನೆನೆಯುತ್ತೇವೆ. ಶಿವನಸಮುದ್ರದ ಯಂತ್ರಗಳಿಗೆ ವರ್ಷವಿಡೀ ನೀರೊದಗಿಸುವುದೂ ಅದರ ಮೂಲ ಉದ್ದೇಶಗಳಲ್ಲೊಂದಾಗಿತ್ತೆಂಬುದನ್ನು ಮರೆಯುತ್ತೇವೆ.

ಕಟ್ಟೆ ಬೇಸಗೆಯನ್ನು ಗೆದ್ದಿತು, ಬರವನ್ನು ಗೆಲ್ಲಲಿಲ್ಲ. ಒಂದು ವರ್ಷದ ಮಳೆಯನ್ನು ಹಂಚಿಕೊಡಬಲ್ಲುದೇ ಹೊರತು ಬಾರದ ಮಳೆಯನ್ನು ಅದು ತರಲಾರದು. 1948ರಲ್ಲಿ ಜೋಗದ ವಿದ್ಯುದಾಗಾರ, 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಬಂದುವು. ಹೊಳೆಗಳು ಬೇರೆಯಾದರೂ ಎಲ್ಲವೂ ಕಾದದ್ದು ಅದೇ ಮುಂಗಾರನ್ನು. 1985ರಲ್ಲಿ ರಾಯಚೂರಿನಲ್ಲಿ ಕಲ್ಲಿದ್ದಲಿನ ಸ್ಥಾವರ ಆರಂಭವಾದ ಮೇಲೆ ಆ ಹೊರೆ ಅಷ್ಟಿಷ್ಟು ಇಳಿಯಿತು. ಆದರೆ ಹವಾಮಾನವನ್ನು ಕೆಡಿಸುತ್ತಿರುವ ಹೊಗೆಯಲ್ಲಿ ಕಲ್ಲಿದ್ದಲಿನದೇ ದೊಡ್ಡ ಪಾಲು.

2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಕ್ಕೆ ತುತ್ತಾದಾಗ ಹಳೆಯ ಪಾಠ ಮರಳಿ ಬಂದಿತು. ಜಲಾಶಯ ಬತ್ತಿದ ಕಾಲದಲ್ಲೇ ರೈತನ ಪಂಪುಸೆಟ್ಟು ಹೆಚ್ಚು ಹೊತ್ತು ಓಡಬೇಕು, ಪಟ್ಟಣದ ಫ್ಯಾನು ಹೆಚ್ಚು ಹೊತ್ತು ತಿರುಗಬೇಕು. ಮಳೆಯ ಕೊರತೆ ವಿದ್ಯುತ್ತನ್ನು ಎರಡು ಕಡೆಯಿಂದಲೂ ಹಿಂಡುತ್ತದೆ.

ಬರಕ್ಕೆ ಹೆಸರಾದ ಪಾವಗಡದಲ್ಲಿ ಇಂದು 2,050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವಿದೆ; ಮಳೆ ಕೊಡದ ಆಕಾಶ ಬಿಸಿಲನ್ನು ಕೊಟ್ಟಿದೆ. ಆದರೆ ಸಂಜೆಗೆ ಸೂರ್ಯನೂ ಮರೆಯಾಗುತ್ತಾನೆ. ಹಗಲು ಬಿಸಿಲಿನಿಂದ ದುಡಿದು, ಜಲಾಶಯದ ನೀರನ್ನು ರಾತ್ರಿಗೆಂದು ಉಳಿಸಿಕೊಳ್ಳುವ ಜಾಲವೇ ಬರದ ವರ್ಷವನ್ನು ದಾಟಬಲ್ಲದು. ಹೊಳೆಯ ಬಡತನವನ್ನು ಹಿರಿಯರು ಒಂಬತ್ತೇ ವರ್ಷದಲ್ಲಿ ಅರಿತು ಕಟ್ಟೆಗೆ ಕೈಹಾಕಿದರು. ಮಳೆಯ ನಡತೆಯೇ ಬದಲಾಗುತ್ತಿರುವ ಈ ಕಾಲದಲ್ಲಿ ನಾವು ಅದಕ್ಕಿಂತ ತಡಮಾಡುವಂತಿಲ್ಲ.