ನಕ್ಷೆಯ ಗೆರೆ, ಕೌದಿಯ ಹೊಲಿಗೆ

1948ಕ್ಕೆ ಮೊದಲಿನ ಮುಂಬಯಿ ಪ್ರಾಂತದ ದಕ್ಷಿಣ ಭಾಗದ ನಕ್ಷೆಯನ್ನು ಹರಡಿ ನೋಡಿದರೆ ನಮ್ಮ ಸೀಮೆಯವರಿಗೆ ನೆನಪಾಗುವುದು ಅಜ್ಜಿಯ ಕೌದಿ. ಸೊಲ್ಲಾಪುರ, ವಿಜಾಪುರ, ಬೆಳಗಾವಿ, ಧಾರವಾಡಗಳು ಬ್ರಿಟಿಷರ ಜಿಲ್ಲೆಗಳು. ಅವುಗಳ ನಡುನಡುವೆ ಅಕ್ಕಲಕೋಟೆ, ಜತ್ತ, ಸಾಂಗಲಿ, ಜಮಖಂಡಿ, ಮುಧೋಳ, ರಾಮದುರ್ಗ, ಸವಣೂರು ಮೊದಲಾದ ಸಂಸ್ಥಾನಗಳ ತುಂಡುಗಳು. ಸಾಂಗಲಿಯ ಆಳಿಕೆಗೆ ದೂರದ ಶಿರಹಟ್ಟಿಯೂ ಸೇರಿತ್ತು, ತೇರದಾಳವೂ ಸೇರಿತ್ತು. ಪೂರ್ವದ ಅಂಚಿಗೆ ನಿಜಾಮರ ಸೀಮೆ.

ಸ್ವಾತಂತ್ರ್ಯಾನಂತರ ಈ ತುಂಡುಗಳನ್ನು ಬಿಚ್ಚಿ ಮತ್ತೆ ಜೋಡಿಸಲಾಯಿತು. 1948ರಲ್ಲಿ ಅಕ್ಕಲಕೋಟೆ, ಜತ್ತಗಳು ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. 1956ರ ನವೆಂಬರ್ 1ರಂದು ವಿಜಾಪುರ, ಬೆಳಗಾವಿ, ಧಾರವಾಡಗಳು ಮೈಸೂರು ರಾಜ್ಯಕ್ಕೆ ಬಂದವು. ನಾವು ಆಚೆಯೇ ಉಳಿದೆವು. 1960ರ ಮೇ 1ರಂದು ಮಹಾರಾಷ್ಟ್ರದವರಾದೆವು. 1966ರಲ್ಲಿ ನೇಮಕಗೊಂಡ ಮಹಾಜನ ಆಯೋಗವು ಮರುವರ್ಷ ವರದಿಯಿತ್ತರೂ ಗೆರೆ ಕದಲಲಿಲ್ಲ. ಕತ್ತರಿ ಹಿಡಿದವರು ಬೇರೆ, ಹೊದ್ದುಕೊಂಡವರು ಬೇರೆ.

ನಕ್ಷೆಯನ್ನು ಬಟ್ಟೆಗಿಳಿಸುವ ಕಲೆ ಹೊಸದೇನಲ್ಲ. 18ನೆಯ ಶತಮಾನದ ಇಂಗ್ಲೆಂಡಿನಲ್ಲಿ ಬಾಲಕಿಯರು ಭೂಗೋಳವನ್ನೂ ಕಸೂತಿಯನ್ನೂ ಒಟ್ಟಿಗೆ ಕಲಿಯಲೆಂದು ದೇಶದ ನಕ್ಷೆಯನ್ನು ರೇಷ್ಮೆದಾರದಲ್ಲಿ ಬಿಡಿಸುತ್ತಿದ್ದರು. 19ನೆಯ ಶತಮಾನದ ಕಾಶ್ಮೀರದ ಕುಶಲಿಗಳು ಶ್ರೀನಗರವನ್ನು, ಅದರ ನದಿ, ಸರೋವರ, ತೋಟಗಳೊಡನೆ ಶಾಲಿನ ಮೇಲೆ ಮೂಡಿಸಿದರು. ಅಂಥದೊಂದು ಶಾಲು ಇಂದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ.

ಇವೆಲ್ಲಕ್ಕಿಂತ ನಮ್ಮ ಮನಸ್ಸನ್ನು ಕಲಕುವುದು ಅಮೆರಿಕದ ಕೆಂಟಕಿಯ ಎಲಿಜಬೆತ್ ರೋಸ್‌ಬೆರಿ ಮಿಚೆಲ್ ಎಂಬ ತಾಯಿ 1843ರಲ್ಲಿ ಹೊಲಿಯತೊಡಗಿದ ಕೌದಿ. ಆಕೆಯ ಇಬ್ಬರು ಗಂಡುಮಕ್ಕಳನ್ನು ಮಣ್ಣು ಮಾಡಿದ್ದು ತಾನು ಬಿಟ್ಟುಬಂದ ಓಹಾಯೋದಲ್ಲಿ. ಕೌದಿಯ ನಡುವೆ ಬೇಲಿ, ದಾರಿಗಳುಳ್ಳ ಸ್ಮಶಾನದ ನಕ್ಷೆ. ಅಂಚಿನಲ್ಲಿ ಮನೆಮಂದಿಯ ಹೆಸರು ಹೊತ್ತ ಬಟ್ಟೆಯ ಶವಪೆಟ್ಟಿಗೆಗಳು. ಯಾರಾದರೂ ತೀರಿಕೊಂಡಾಗ ಅವರ ಪೆಟ್ಟಿಗೆಯನ್ನು ಬಿಚ್ಚಿ ನಡುವೆ ಹೊಲಿಯಬೇಕೆಂಬುದು ಅದರ ಕ್ರಮ. ನೆಲ ದೂರವಾದರೂ ನೆಂಟು ದೂರವಾಗದಂತೆ ಆಕೆ ಸೂಜಿಯಿಂದ ಹಿಡಿದಿಟ್ಟಳು.

ನಮ್ಮ ಕೌದಿಗೂ ಇಂಥ ಶಕ್ತಿಯಿದೆ. ಉಟ್ಟು ಹಳತಾದ ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಧೋತರದ ದಡಿ, ಮಗುವಿನ ಕುಲಾವಿ ಎಲ್ಲವೂ ಅದರಲ್ಲಿ ಪದರ ಪದರವಾಗಿ ಕೂಡುತ್ತವೆ. ಉತ್ತರ ಕನ್ನಡದ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಹೊಲಿಗೆ ತೊಡಗಿ ಸುತ್ತುತ್ತ ನಡುವಿಗೆ ಬರುತ್ತಾರೆ. ಅಂಚಿನಲ್ಲಿ ಬಾಳುವ ನಮಗೆ ಈ ಕ್ರಮದಲ್ಲೊಂದು ಅರ್ಥ ಕಾಣುತ್ತದೆ: ಅಂಚು ಗಟ್ಟಿಯಿದ್ದರೆ ನಡುವೂ ನಿಲ್ಲುತ್ತದೆ.

ಆದುದರಿಂದ ನಮ್ಮ ಸೀಮೆಯ ನಕ್ಷೆಯ ಕೌದಿಯೊಂದು ಹುಟ್ಟಬೇಕೆಂಬುದು ನಮ್ಮ ಹಂಬಲ. ಹಳೆಯ ನಕ್ಷೆಯನ್ನು ದೊಡ್ಡದಾಗಿಸಿ ಕಾಗದದ ಅಚ್ಚು ಕತ್ತರಿಸೋಣ; ಒಂದೊಂದು ಊರಿಗೆ ಆ ಊರಿನ ಮನೆಯಿಂದಲೇ ಬಂದ ಬಟ್ಟೆ. ಭೀಮೆಗೆ ನೀಲಿ ಸೀರೆಯ ಉದ್ದನೆಯ ಪಟ್ಟಿ. ಹೋಟಗಿಯಿಂದ ವಿಜಾಪುರದತ್ತ ಸಾಗುವ ರೈಲುದಾರಿಗೆ ಕಪ್ಪು ದಾರ. ರಾಜ್ಯಗಳ ಗೆರೆಯನ್ನೂ ಬಿಡದೆ ತೋರಿಸೋಣ, ಅದು ಚರಿತ್ರೆಯೇ ಹೌದು. ಆದರೆ ಸಾಲುಹೊಲಿಗೆ ಆ ಗೆರೆಯನ್ನು ದಾಟಿ ಈಚೆಯಿಂದಾಚೆಗೆ ಹಾಯಲಿ. ಪದರಗಳನ್ನು ಹಿಡಿದು ನಿಲ್ಲಿಸುವುದು ಅದೇ. ಊರಿನ ಹೆಸರುಗಳನ್ನು ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಕಸೂತಿ ಮಾಡೋಣ. ನೆರೆಮನೆಯ ಭಾಷೆ ನಮಗೆ ಹೊರಗಿನದಲ್ಲ.

ಕೌದಿ ಹೊಲಿಯಬಲ್ಲ ಹಿರಿಯ ಕೈಗಳು ನಮ್ಮ ಮನೆಗಳಲ್ಲಿ ವಿರಳವಾಗುತ್ತಿವೆ. ಹಳ್ಳಿಗಳ ಓಣಿ, ಬಾವಿ, ಹೊಲಗಳ ಕನ್ನಡ ಹೆಸರುಗಳೂ ಬಹುಪಾಲು ಅವರ ನಾಲಿಗೆಯ ಮೇಲೆಯೇ ಇವೆ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವರು ಸೂಜಿ ಹಿಡಿದರೆ ತುಂಡು ತುಂಡಾಗಿ ಆ ಹೆಸರುಗಳೂ ಕೈ ದಾಟುತ್ತವೆ. ಯಾವ ಆಯೋಗವೂ ಕೊಡಲಾರದ ನಕ್ಷೆಯದು.