ಕುಶಲ

ಕುಶವೆಂಬ ದರ್ಭೆಯ ಎಸಳಿನ ಅಂಚು ಹರಿತವಾದುದರಿಂದ, ಕೈಗೆ ಗಾಯವಾಗದಂತೆ ಆ ಕುಶವನ್ನು ಆಯ್ದು ತರಬಲ್ಲವನೇ ಮೊದಲು 'ಕುಶಲ'ನೆನಿಸಿದನೆಂದೂ, ಅಲ್ಲಿ ಬೇಕಾದ ವಿವೇಚನೆಯ ಸಾಮ್ಯದಿಂದ ಯಾವ ಕಾರ್ಯದಲ್ಲಿಯಾದರೂ ನಿಪುಣನಾದವನಿಗೆ ಆ ಹೆಸರು ಸಂದಿತೆಂದೂ ಪ್ರಾಚೀನರು ಹೇಳುತ್ತಾರೆ. 11ನೆಯ ಶತಮಾನದ ಕಾಶ್ಮೀರದ ಮಮ್ಮಟನು ತನ್ನ ಕಾವ್ಯಪ್ರಕಾಶದಲ್ಲಿ ಇದನ್ನೇ ರೂಢಿಲಕ್ಷಣೆಗೆ, ಎಂದರೆ ಮುಖ್ಯಾರ್ಥವು ಹೊಂದದಿದ್ದಾಗ ಬಳಕೆಯ ಬಲದಿಂದಲೇ ಬೇರೆ ಅರ್ಥ ತಿಳಿಯುವುದಕ್ಕೆ, ಉದಾಹರಣೆಯಾಗಿ ಹಿಡಿದನು. ಲಕ್ಷಣೆಯ ಇನ್ನೊಂದು ಬಗೆಯಲ್ಲಿ, ಗಂಗೆಯಲ್ಲಿ ಹಟ್ಟಿಯಿದೆಯೆಂದರೆ, ಹರಿಯುವ ನೀರಿನಲ್ಲಿ ಹಟ್ಟಿ ನಿಲ್ಲದಾದುದರಿಂದ ನಾವು ದಡವೆಂದು ತಿಳಿಯುತ್ತೇವೆ. ದಡವೆಂದೇ ಹೇಳಿದ್ದರೆ ಬಾರದಿದ್ದ ತಂಪೂ ಪಾವಿತ್ರ್ಯವೂ ಆ ಮಾತಿನಿಂದ ಲಭಿಸುತ್ತವೆ. 'ಕುಶಲ'ದಲ್ಲಿ ಅಂಥ ಲಾಭವಿಲ್ಲ, ಬಳಕೆಯ ಬಲವೊಂದೇ ಉಂಟು.

14ನೆಯ ಶತಮಾನದ ವಿಶ್ವನಾಥನು ಸಾಹಿತ್ಯದರ್ಪಣದಲ್ಲಿ ಇದನ್ನು ಒಪ್ಪಲಿಲ್ಲ. ಶಬ್ದವು ಹುಟ್ಟಿದ ನಿಮಿತ್ತ ಬೇರೆ, ನಡೆಯುವ ನಿಮಿತ್ತ ಬೇರೆ. ಹುಟ್ಟಿನ ಅರ್ಥವೇ ಮುಖ್ಯಾರ್ಥವಾಗುವುದಾದರೆ, ಚಲನೆಯ ಧಾತುವಿನಿಂದ ಬಂದ 'ಗೋ' ಶಬ್ದವನ್ನು ಮಲಗಿರುವ ಹಸುವಿಗೆ ಹೇಳಿದಾಗಲೂ ಲಕ್ಷಣೆಯೆನ್ನಬೇಕಾದೀತು ಎಂಬುದು ಆತನ ವಾದ. 'ಕುಶಲ'ದ ಬದಲಿಗೆ ಆತನು ಕೊಟ್ಟ ಉದಾಹರಣೆ, ದೇಶವನ್ನು ಹೇಳಿ ಜನರನ್ನು ಸೂಚಿಸುವ 'ಕಳಿಂಗವು ಸಾಹಸಿ' ಎಂಬುದು. ಆತನೂ ಕಳಿಂಗದ ಕಡೆಯವನೇ ಎಂಬುದನ್ನು ನೆನೆದಾಗ ಸಣ್ಣ ನಗೆ ಬಾರದಿರದು.

ನನಗೆ ವಿಶ್ವನಾಥನ ಪಕ್ಷವೇ ಹಿತವಾಗಿ ತೋರುತ್ತದೆ. ಕೇಳುವವನ ಮನಸ್ಸಿನಲ್ಲಿ ದರ್ಭೆಯೇ ಸುಳಿಯದಿದ್ದ ಮೇಲೆ, ಬಾಧಿತವಾಗುವ ಮುಖ್ಯಾರ್ಥವೆಲ್ಲಿಯದು? ಕನಿಷ್ಠ ವೇತನದ ಪಟ್ಟಿಗಳಲ್ಲಿ ದುಡಿಯುವವರನ್ನು ಕುಶಲ, ಅರೆಕುಶಲ, ಅಕುಶಲರೆಂದು ವಿಂಗಡಿಸುವಾಗ, ದಿನವಿಡೀ ಬಗ್ಗಿ, ಬೆರಳಿಗೆ ಗಾಯವಾಗದಂತೆ ಹುಲ್ಲು ಕೊಯ್ಯುವ ಕೂಲಿಯವನು ಸಾಮಾನ್ಯವಾಗಿ ಅಕುಶಲರ ಸಾಲಿಗೇ ಸೇರುತ್ತಾನೆ. ಪಟ್ಟಿಯನ್ನು ಬರೆದವನಿಗಾಗಲಿ ಓದಿದವನಿಗಾಗಲಿ ಅದರಲ್ಲಿ ವಿರೋಧಾಭಾಸವೇನೂ ಕಾಣುವುದಿಲ್ಲ.

'ಕುಶಲ'ಕ್ಕಿರುವ ಕ್ಷೇಮವೆಂಬ ಅರ್ಥವೂ ಸಂಸ್ಕೃತದಲ್ಲಿಯೇ ಹಳೆಯದು. ಬ್ರಾಹ್ಮಣನನ್ನು ಕುಶಲವೇ ಎಂದೂ, ಕ್ಷತ್ರಿಯನನ್ನು ಅನಾಮಯವೇ ಎಂದೂ, ವೈಶ್ಯನನ್ನು ಕ್ಷೇಮವೇ ಎಂದೂ, ಶೂದ್ರನನ್ನು ಆರೋಗ್ಯವೇ ಎಂದೂ ಕೇಳತಕ್ಕದ್ದೆಂದು ಮನುಸ್ಮೃತಿಯು ವಿಚಾರಣೆಯ ಮಾತನ್ನು ಕೂಡ ಜಾತಿವಾರು ಹಂಚಿತು. ಪುಣ್ಯಕ್ಕೆ ನಮ್ಮ ಕಾಗದಗಳು ಆ ಹಂಚಿಕೆಯನ್ನು ಲೆಕ್ಕಿಸಲಿಲ್ಲ. 'ಉಭಯ ಕುಶಲೋಪರಿ' ಎಂಬ ಒಕ್ಕಣೆಯ ಮರುಸಾಲಿನಲ್ಲಿಯೇ ಮಳೆ ಕೈಕೊಟ್ಟುದೂ, ಎತ್ತು ಸತ್ತುದೂ, ಮಗುವಿನ ಜ್ವರ ಇಳಿಯದುದೂ ಬಂದರೂ, ಬರೆದವನು ಸುಳ್ಳಾಡಿದನೆಂದು ಯಾರೂ ಆಕ್ಷೇಪಿಸುತ್ತಿರಲಿಲ್ಲ. ಇದನ್ನು ನೇರವಾದ ವಾಚ್ಯವೆನ್ನಬೇಕೋ ಲಕ್ಷಣೆಯಿಂದ ಬಂದ ಲಕ್ಷ್ಯವೆನ್ನಬೇಕೋ ಆ ಇಬ್ಬರು ಪಂಡಿತರೇ ಹೇಳಬೇಕು. ಆದರೆ ಆ ಒಕ್ಕಣೆಯಿಲ್ಲದೆ ನೇರವಾಗಿ ಸುದ್ದಿಯಿಂದಲೇ ತೊಡಗಿದ ಕಾಗದವನ್ನು ಬಿಚ್ಚಿದವನಿಗೆ, ಸುದ್ದಿಯೇನೆಂಬುದನ್ನು ಓದುವ ಮೊದಲೇ ಎದೆ ಧಸಕ್ಕೆನ್ನುತ್ತಿತ್ತು.