ನಾರಾದಲ್ಲಿ ಅಕ್ಷರಾಭ್ಯಾಸ

ಮೂವತ್ತು ವರ್ಷ ಮಕ್ಕಳಿಗೆ ಅಕ್ಷರ ತಿದ್ದಿಸಿದ ನಾನು, ಮಗಳ ಮನೆಗೆಂದು ಜಪಾನಿಗೆ ಹೋದ ಮೊದಲ ವಾರವೇ ನಿರಕ್ಷರಿಯಾದೆ. ಉಪ್ಪೆಂದು ಸಕ್ಕರೆ ಪೊಟ್ಟಣ ತಂದು ಸಾರಿಗೆ ಹಾಕಿದ್ದೂ ಆಯಿತು. ಮಗಳು ನಕ್ಕಳು, ನನಗೆ ನಗು ಬರಲಿಲ್ಲ. ಓದಲು ಬಾರದೆ ತಲೆ ತಗ್ಗಿಸಿ ನಿಲ್ಲುತ್ತಿದ್ದ ಹುಡುಗರಿಗೆ ನಾನು ಆಡಿದ ಮಾತುಗಳೆಲ್ಲ ನೆನಪಾದವು.

ಆ ಭಾನುವಾರ ನಾರಾ ಪಟ್ಟಣಕ್ಕೆ ಹೋದೆವು. ಅಲ್ಲಿನ ತೋದೈಜಿ ದೇವಾಲಯದ ಕಂಚಿನ ಬುದ್ಧ ಸುಮಾರು 15 ಮೀಟರ್ ಎತ್ತರ. ಬೆಂಕಿ, ಭೂಕಂಪಗಳಿಗೆ ಸಿಕ್ಕಿ ಎಷ್ಟೋ ಭಾಗ ಮತ್ತೆ ಎರಕ ಹೊಯ್ದದ್ದು; ಈಗಿನ ಮಂದಿರ 1709ರದು. ಆದರೆ 752ರಲ್ಲಿ ಅದರ ನೇತ್ರೋನ್ಮೀಲನ ಮಾಡಿದವನು ಭಾರತದ ಭಿಕ್ಷು ಬೋಧಿಸೇನ! 736ರಲ್ಲಿ ಚೀನಾದ ಮೂಲಕ ಬಂದವನು ತಿರುಗಿ ಹೋಗಲೇ ಇಲ್ಲ. ಅವನ ಕುಂಚಕ್ಕೆ ಕಟ್ಟಿದ ಉದ್ದನೆಯ ದಾರವನ್ನು ನೆರೆದವರೆಲ್ಲ ಹಿಡಿದು ನಿಂತಿದ್ದರಂತೆ. ಆ ಕುಂಚ, ಆ ದಾರ ಶೋಸೋಇನ್ ಭಂಡಾರದಲ್ಲಿ ಇಂದಿಗೂ ಇವೆ.

ಬರುವಾಗ ಪುಸ್ತಕದಂಗಡಿಯಲ್ಲಿ ಮಕ್ಕಳ ಅಕ್ಷರಪಟ ಕಂಡಿತು. ಮಗಳು ಓದಿದಳು: ಅ, ಇ, ಉ, ಎ, ಒ, ಕ, ಕಿ, ಕು, ಕೆ, ಕೊ. ಅರೆ, ನಮ್ಮ ಕಾಗುಣಿತವೇ! ಸಾಲುಗಳೂ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತ ಮಂತ್ರಗಳಿಗಾಗಿ ಸಿದ್ಧಂ ಲಿಪಿ ಕಲಿತ ಬೌದ್ಧ ಭಿಕ್ಷುಗಳಿಂದ ಬಂದ ಕ್ರಮವಿದು. ಪ ಇರಬೇಕಾದಲ್ಲಿ ಹ ಏಕೆ? ಹಿಂದೆ ಅದು ಪಕಾರವೇ ಆಗಿತ್ತು. ನಮ್ಮ ಹಳಗನ್ನಡದ ಪಾಲು ಹಾಲಾಗಲಿಲ್ಲವೆ, ಹಾಗೆ.

ಪಟ ಕೊಂಡೆ. ರಾತ್ರಿ ಐದು ವರ್ಷದ ಮೊಮ್ಮಗ ನನ್ನ ಕೈ ಹಿಡಿದು ತಿದ್ದಿಸಿದ. ನಾಲ್ಕು ಸಲ ತಪ್ಪಿದೆ. ಗದರಲಿಲ್ಲ.